ಕಾಲೇಜು ನೆರವಿನ ಅರ್ಜಿ: ಅಮೆರಿಕದಲ್ಲಿ ಫಾಫ್ಸಾ ತುಂಬುವ ವಿದ್ಯಾರ್ಥಿಯ ಪಕ್ಕದಲ್ಲಿ ಕೂರುವವರಿಗೊಂದು ಮಾರ್ಗದರ್ಶಿ

ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಮಗಳಿಗೋ, ತಮ್ಮನಿಗೋ, ಪರಿಚಯದ ಮನೆಯ ಹುಡುಗನಿಗೋ ಕಾಲೇಜಿನ ಆರ್ಥಿಕ ನೆರವಿಗೆ ಅರ್ಜಿ ಹಾಕಲು ಸಹಾಯ ಮಾಡುವವರಿಗಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಫಾಫ್ಸಾ (ಫ್ರೀ ಅಪ್ಲಿಕೇಷನ್ ಫಾರ್ ಫೆಡರಲ್ ಸ್ಟೂಡೆಂಟ್ ಏಯ್ಡ್) ಎಂದು ಎಲ್ಲರೂ ಕರೆಯುವ ಫೆಡರಲ್ ಸರ್ಕಾರದ ಈ ಅರ್ಜಿಯಲ್ಲಿ ಹಿಂದೆ ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. 2024–25ರ ಸಾಲಿನಿಂದ ಅದನ್ನು ಬಹಳವಾಗಿ ಮೊಟಕುಗೊಳಿಸಿದ್ದಾರೆ, ತೆರಿಗೆಯ ಅಂಕಿಅಂಶಗಳಂತೂ ಬಹುಪಾಲು ತಾವಾಗಿಯೇ ಬಂದು ಕೂರುತ್ತವೆ. ಆದ್ದರಿಂದ ಪ್ರಶ್ನೆಗಳಿಗೆ ಉತ್ತರ ಬರೆಯುವುದು ಈಗ ದೊಡ್ಡ ಕಷ್ಟವಾಗಿ ಉಳಿದಿಲ್ಲ. ಮಕ್ಕಳು ಹಣ ಕಳೆದುಕೊಳ್ಳುವುದು ಅರ್ಜಿಯ ಆಚೀಚೆ ಇರುವ ಕೆಲಸಗಳಲ್ಲಿ: ಖಾತೆ ತೆರೆಯುವಾಗ, ತಂದೆತಾಯಿಯ ಒಪ್ಪಿಗೆ ಪಡೆಯುವಾಗ, ಗಡುವು ನೋಡಿಕೊಳ್ಳುವಾಗ ಮತ್ತು ಕಾಲೇಜು ಕಳಿಸಿದ ಪತ್ರವನ್ನು ಓದುವಾಗ. ಸಹಾಯಕರ ನಿಜವಾದ ಕೆಲಸವಿರುವುದು ಈ ನಾಲ್ಕು ಕಡೆ. ಕೀಬೋರ್ಡು ಮಾತ್ರ ಮೊದಲಿನಿಂದ ಕೊನೆಯವರೆಗೆ ವಿದ್ಯಾರ್ಥಿಯ ಕೈಯಲ್ಲೇ ಇರಬೇಕು, ಏಕೆಂದರೆ ಈ ಅರ್ಜಿ ಕಾನೂನಿನ ಕಣ್ಣಿನಲ್ಲಿ ಅವರದೇ.

ಈ ಒಂದು ಅರ್ಜಿಯಿಂದ ಏನೇನು ಸಿಗುತ್ತದೆ ಎಂಬುದನ್ನು ಮೊದಲು ವಿದ್ಯಾರ್ಥಿಗೆ ತಿಳಿಸಿ ಹೇಳುವುದು ಒಳ್ಳೆಯದು. 1965ರ ಉನ್ನತ ಶಿಕ್ಷಣ ಕಾಯಿದೆಯ ಆಧಾರದ ಮೇಲೆ ನಡೆಯುವ ಫೆಡರಲ್ ನೆರವಿನಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ: ಹಿಂದಿರುಗಿಸಬೇಕಿಲ್ಲದ ಗ್ರಾಂಟ್, ಕೆಲಸ ಮಾಡಿ ಸಂಪಾದಿಸುವ ವರ್ಕ್-ಸ್ಟಡಿ, ಬಡ್ಡಿ ಸಮೇತ ತೀರಿಸಬೇಕಾದ ಸಾಲ. ಗ್ರಾಂಟುಗಳಲ್ಲಿ ದೊಡ್ಡದು ಪೆಲ್ ಗ್ರಾಂಟ್. 1972ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಈ ಯೋಜನೆಗೆ 1980ರಲ್ಲಿ ರೋಡ್ ಐಲೆಂಡಿನ ಸೆನೆಟರ್ ಕ್ಲೇಬರ್ನ್ ಪೆಲ್ ಅವರ ಹೆಸರಿಡಲಾಯಿತು. 2025–26ರ ಸಾಲಿನಲ್ಲಿ ಇದರ ಗರಿಷ್ಠ ಮೊತ್ತ ವರ್ಷಕ್ಕೆ 7,395 ಡಾಲರ್, ಕನಿಷ್ಠ ಮೊತ್ತ 740 ಡಾಲರ್. ತೀರಾ ಕಡಿಮೆ ಆದಾಯದ ಕುಟುಂಬದವರಿಗೆ ಇದರ ಮೇಲೆ 100ರಿಂದ 4,000 ಡಾಲರ್‌ವರೆಗಿನ ಇನ್ನೊಂದು ಪೂರಕ ಗ್ರಾಂಟ್ ಕೂಡ ಉಂಟು. ಆದರೆ ಅದನ್ನು ಹಂಚುವುದು ಆಯಾ ಕಾಲೇಜಾದ್ದರಿಂದ, ಕಾಲೇಜಿನ ಪಾಲಿಗೆ ಬಂದ ಹಣ ಮುಗಿದ ಮೇಲೆ ಅರ್ಹತೆ ಎಷ್ಟಿದ್ದರೂ ಸಿಗುವುದಿಲ್ಲ. ಬೇಗ ಅರ್ಜಿ ಹಾಕಿರಿ ಎಂದು ಎಲ್ಲರೂ ಹೇಳುವುದಕ್ಕೆ ಇದೂ ಒಂದು ಕಾರಣ. ಇವಲ್ಲದೆ ರಾಜ್ಯ ಸರ್ಕಾರಗಳೂ ಕಾಲೇಜುಗಳೂ ತಮ್ಮ ಸ್ವಂತ ಹಣವನ್ನು ಹಂಚುವುದಕ್ಕೆ ಬಹಳ ಮಟ್ಟಿಗೆ ಇದೇ ಫಾಫ್ಸಾವನ್ನು ನೋಡುತ್ತವೆ. “ನಮ್ಮ ಸಂಬಳಕ್ಕೆ ಏನೂ ಬರುವುದಿಲ್ಲ” ಎಂದು ಅರ್ಜಿಯನ್ನೇ ಹಾಕದ ಕುಟುಂಬಗಳು ಪೆಲ್ ಗ್ರಾಂಟಿನ ಜೊತೆಗೆ ಈ ಬಾಗಿಲುಗಳನ್ನೂ ತಾವೇ ಮುಚ್ಚಿಕೊಳ್ಳುತ್ತವೆ.

ಅರ್ಹತೆಯ ಪ್ರಶ್ನೆ

ಫೆಡರಲ್ ನೆರವು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ, ಹಾಗೂ ನಿರಾಶ್ರಿತರಂಥ ಕೆಲವು ನಿರ್ದಿಷ್ಟ ವರ್ಗಗಳಿಗೆ ಸೇರಿದವರಿಗೆ ಸಿಗುತ್ತದೆ. ಇಲ್ಲಿ ನೋಡುವುದು ವಿದ್ಯಾರ್ಥಿಯ ಸ್ಥಿತಿಯನ್ನೇ ಹೊರತು ತಂದೆತಾಯಿಯ ವೀಸಾವನ್ನಲ್ಲ. ತಂದೆತಾಯಿ ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ಇದ್ದರೂ ಇಲ್ಲಿಯೇ ಹುಟ್ಟಿದ ಮಗು ಅಮೆರಿಕದ ಪ್ರಜೆಯಾದ್ದರಿಂದ ಪೂರ್ಣವಾಗಿ ಅರ್ಜಿ ಹಾಕಬಹುದು. ಈ ಸರಳ ಸಂಗತಿ ಗೊತ್ತಿಲ್ಲದೆ ಸುಮ್ಮನೆ ಕೂತ ಮನೆಗಳುಂಟು. ಇದಕ್ಕೆ ತದ್ವಿರುದ್ಧವಾಗಿ, ಚಿಕ್ಕ ವಯಸ್ಸಿನಲ್ಲಿ ತಂದೆತಾಯಿಯ ಜೊತೆ ಬಂದು ಎಚ್-4 ಎಂಬ ಅವಲಂಬಿತರ ವೀಸಾದಲ್ಲಿಯೇ ಬೆಳೆದು ಇಲ್ಲಿಯೇ ಹೈಸ್ಕೂಲು ಮುಗಿಸಿದ ಮಕ್ಕಳಿಗೆ ಫೆಡರಲ್ ನೆರವು ಇಲ್ಲ. ವಿದ್ಯಾರ್ಥಿ ವೀಸಾದಲ್ಲಿರುವವರಿಗೂ, ಬಾಲ್ಯದಲ್ಲಿ ದಾಖಲೆಯಿಲ್ಲದೆ ಬಂದವರನ್ನು ಗಡೀಪಾರಿನಿಂದ ತಾತ್ಕಾಲಿಕವಾಗಿ ಕಾಯುವ ಡಾಕಾ ರಕ್ಷಣೆಯಲ್ಲಿರುವವರಿಗೂ ಇಲ್ಲ. ಈ ಮಾತನ್ನು ಆ ಮಕ್ಕಳಿಗೆ ಹತ್ತನೆಯ ತರಗತಿಯಲ್ಲೇ ಹೇಳಿಬಿಡಬೇಕು. ಕೊನೆಯ ವರ್ಷದ ಅಕ್ಟೋಬರಿನಲ್ಲಿ ಹೇಳಿದರೆ ಕಾಲೇಜುಗಳ ಪಟ್ಟಿಯನ್ನು ಬದಲಿಸಲು ಅವಕಾಶವೇ ಉಳಿಯುವುದಿಲ್ಲ. ಕೆಲವು ರಾಜ್ಯಗಳಲ್ಲಿ ಫಾಫ್ಸಾ ಹಾಕಲಾಗದವರಿಗೆಂದೇ ಬೇರೆ ಅರ್ಜಿಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಡ್ರೀಮ್ ಆಕ್ಟ್ ಅರ್ಜಿ, ಟೆಕ್ಸಾಸಿನಲ್ಲಿ ಟ್ಯಾಸ್ಫಾ ಇರುವುದು ಇದಕ್ಕಾಗಿಯೇ. ಯಾವ ವೀಸಾದವರು ಅವುಗಳಿಗೆ ಅರ್ಹರು ಎಂಬುದನ್ನು ರಾಜ್ಯದ ನೆರವಿನ ಸಂಸ್ಥೆಯನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಮುಂತಾದ ಕೆಲವೇ ಕೆಲವು ಸಂಸ್ಥೆಗಳು ಪೌರತ್ವ ಯಾವುದಿದ್ದರೂ ಪ್ರವೇಶ ಕೊಡುವಾಗ ಕುಟುಂಬದ ಹಣಕಾಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಪ್ರವೇಶ ಸಿಕ್ಕಿದವರ ಅಗತ್ಯವನ್ನು ತಮ್ಮ ಸ್ವಂತ ನಿಧಿಯಿಂದ ತುಂಬಿಸುತ್ತವೆ. ಅವುಗಳಲ್ಲಿ ಪ್ರವೇಶ ಪಡೆಯುವುದು ಎಷ್ಟು ಕಷ್ಟವೆಂಬುದು ಎಲ್ಲರಿಗೂ ಗೊತ್ತಿರುವುದೇ. ಆದರೂ ಆ ದಾರಿ ಇದೆ ಎಂದು ಮಗುವಿಗೆ ತಿಳಿದಿರಬೇಕು.

ಇನ್ನೊಂದು ತಪ್ಪು ಕಲ್ಪನೆ ‘ಸ್ವತಂತ್ರ ವಿದ್ಯಾರ್ಥಿ’ ಎಂಬುದರ ಬಗ್ಗೆ. ಬೇರೆ ಮನೆಯಲ್ಲಿದ್ದು ತನ್ನ ಬಾಡಿಗೆಯನ್ನು ತಾನೇ ಕಟ್ಟುವ ಹತ್ತೊಂಬತ್ತರ ಹುಡುಗ ಕೂಡ ಫಾಫ್ಸಾದ ಲೆಕ್ಕದಲ್ಲಿ ಸಾಮಾನ್ಯವಾಗಿ ತಂದೆತಾಯಿಯ ಅವಲಂಬಿತನೇ. 24 ವರ್ಷ ತುಂಬಿದವರು, ಮದುವೆಯಾದವರು, ಸೈನ್ಯದಲ್ಲಿದ್ದವರು, 13 ವರ್ಷವಾದ ನಂತರ ಯಾವಾಗಲಾದರೂ ಅನಾಥರಾಗಿದ್ದವರು ಅಥವಾ ಫಾಸ್ಟರ್ ಪಾಲನೆಯಲ್ಲಿದ್ದವರು ಮುಂತಾದವರಿಗೆ ಮಾತ್ರ ತಂದೆತಾಯಿಯ ವಿವರ ಬೇಕಿಲ್ಲ. ಮನೆಯಲ್ಲಿ ಹಿಂಸೆಯಿಂದಾಗಿ ಹೊರಬಂದ ಅಥವಾ ತಂದೆತಾಯಿಯ ಸಂಪರ್ಕವೇ ಇಲ್ಲದ ಮಕ್ಕಳು ಅರ್ಜಿಯಲ್ಲಿ ತಮಗೆ ಅಸಾಮಾನ್ಯ ಪರಿಸ್ಥಿತಿ ಇದೆಯೆಂದು ಗುರುತಿಸಿ, ತಾತ್ಕಾಲಿಕವಾಗಿ ಸ್ವತಂತ್ರರೆಂದು ಸಲ್ಲಿಸಿ, ಆಮೇಲೆ ಕಾಲೇಜಿಗೆ ದಾಖಲೆ ಕೊಡಬಹುದು. ಇಂಥ ಮಗುವಿನ ಪಕ್ಕದಲ್ಲಿ ನೀವು ಕುಳಿತಿದ್ದರೆ, ಶಾಲೆಯ ಕೌನ್ಸೆಲರನ್ನು ಆರಂಭದಲ್ಲಿಯೇ ಜೊತೆಗೆ ಸೇರಿಸಿಕೊಳ್ಳಿ. ಅವರು ಬರೆದುಕೊಡುವ ಪತ್ರಕ್ಕೆ ಕಾಲೇಜಿನಲ್ಲಿ ತೂಕವಿರುತ್ತದೆ.

ಮೊದಲ ಹೆಜ್ಜೆ: ಖಾತೆಗಳು

ಅರ್ಜಿ ತುಂಬುವುದಕ್ಕೆ ಕನಿಷ್ಠ ಒಂದು ವಾರ ಮೊದಲು ಸ್ಟೂಡೆಂಟ್‌ಏಯ್ಡ್ ಡಾಟ್ ಗವ್ ಜಾಲತಾಣದಲ್ಲಿ ವಿದ್ಯಾರ್ಥಿಗೆ ಒಂದು, ವಿವರ ಕೊಡಬೇಕಾದ ತಂದೆಗೋ ತಾಯಿಗೋ ಇನ್ನೊಂದು ಖಾತೆ ತೆರೆಯಬೇಕು. ಎರಡಕ್ಕೂ ಬೇರೆ ಬೇರೆ ಇಮೇಲ್, ಬೇರೆ ಬೇರೆ ಮೊಬೈಲ್ ಸಂಖ್ಯೆ ಬೇಕು. ಹೈಸ್ಕೂಲು ಕೊಟ್ಟ ಇಮೇಲ್ ವಿಳಾಸವನ್ನು ಮಗು ಇಲ್ಲಿ ಬಳಸಬಾರದು, ಶಾಲೆ ಮುಗಿದ ಮೇಲೆ ಅದು ನಿಂತುಹೋದರೆ ನೆರವಿನ ಪತ್ರಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ಹೆಸರು, ಸರ್ಕಾರ ಕೊಟ್ಟ ಗುರುತಿನ ಸಂಖ್ಯೆಯಿರುವ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇರುವಂತೆಯೇ, ಅಕ್ಷರ ತಪ್ಪದೆ ಇರಬೇಕು. ಹುಟ್ಟಿದ ದಿನಾಂಕವೂ ಆ ಇಲಾಖೆಯ ದಾಖಲೆಗೆ ಹೊಂದಬೇಕು.

ನಮ್ಮವರ ಮನೆಗಳಲ್ಲಿ ಎಡವುವುದು ಇಲ್ಲಿಯೇ. ನಾನು ಜೊತೆಯಲ್ಲಿ ಕುಳಿತಿದ್ದ ಒಂದು ಮನೆಯಲ್ಲಿ ತಂದೆಯ ಹೆಸರು ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಮೊದಲು ಬರುವಂತೆ ಇತ್ತು, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಅದು ಕೊನೆಗೆ ಹೋಗಿತ್ತು, ಸಂಬಳದ ಚೀಟಿಯಲ್ಲಿ ಊರಿನ ಹೆಸರು ಒಂದೇ ಅಕ್ಷರಕ್ಕೆ ಇಳಿದಿತ್ತು. ಅವರು ಅಭ್ಯಾಸಬಲದಿಂದ ಪಾಸ್‌ಪೋರ್ಟಿನ ಕ್ರಮದಲ್ಲಿ ಹೆಸರು ಬರೆದರು, ಗುರುತು ಹೊಂದಿಕೆಯಾಗಲಿಲ್ಲ ಎಂಬ ಸಂದೇಶ ಬಂತು. ಮಗಳು ಕಪಾಟಿನಿಂದ ಆ ಸಣ್ಣ ನೀಲಿ ಕಾರ್ಡನ್ನು ತಂದು ಮೇಜಿನ ಮೇಲೆ ಇಟ್ಟು, ಅದನ್ನು ನೋಡಿಕೊಂಡು ಒಂದೊಂದೇ ಅಕ್ಷರ ಹೇಳಿದ ಮೇಲೆ ಕೆಲಸ ಮುಂದುವರಿಯಿತು. ಆದ್ದರಿಂದ ಕಾರ್ಡು ಎದುರಿಗೆ ಇಲ್ಲದೆ ಖಾತೆ ತೆರೆಯಲು ಕೂರಬೇಡಿ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದ ತಂದೆತಾಯಿಯೂ ಖಾತೆ ತೆರೆಯಬಹುದು, ಆದರೆ ಅವರ ಗುರುತನ್ನು ಬೇರೆ ರೀತಿಯಲ್ಲಿ ಪರಿಶೀಲಿಸುವುದರಿಂದ ಹೆಚ್ಚಿನ ಸಮಯ ಇಟ್ಟುಕೊಳ್ಳಬೇಕು.

ಈ ಖಾತೆಯ ಪಾಸ್‌ವರ್ಡ್ ಕಾನೂನಿನ ಪ್ರಕಾರ ಸಹಿಗೆ ಸಮಾನ. ಮಗ ತಂದೆಯ ಖಾತೆಯನ್ನು ತೆರೆಯುವುದು, ಸಹಾಯಕರು ಇಬ್ಬರ ಪಾಸ್‌ವರ್ಡನ್ನೂ ತಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು, ಇವೆಲ್ಲ ಒಳ್ಳೆಯ ಮನಸ್ಸಿನಿಂದ ಮಾಡಿದರೂ ತಪ್ಪೇ. ತಂದೆಗೆ ಕಂಪ್ಯೂಟರಿನ ಅಭ್ಯಾಸ ಕಡಿಮೆಯಿದ್ದರೆ ನಿಧಾನವಾಗಿ ಹೇಳಿಕೊಡಿ. ಅರ್ಧ ಗಂಟೆ ಹೆಚ್ಚು ಹಿಡಿದರೂ ಚಿಂತೆಯಿಲ್ಲ.

ಎರಡನೆಯ ಹೆಜ್ಜೆ: ಯಾರು ವಿವರ ಕೊಡಬೇಕು, ಯಾರು ಒಪ್ಪಿಗೆ ಕೊಡಬೇಕು

ಹೊಸ ಫಾಫ್ಸಾದಲ್ಲಿ ‘ಕಾಂಟ್ರಿಬ್ಯೂಟರ್’ ಎಂಬ ಪದ ಬರುತ್ತದೆ. ಇದನ್ನು ಓದಿದ ಕೆಲವು ತಂದೆತಾಯಿಯರು ತಾವು ಹಣ ಕೊಡಲು ಬದ್ಧರಾಗುತ್ತೇವೆಂದು ಹೆದರುತ್ತಾರೆ. ಅಂಥ ಯಾವ ಅರ್ಥವೂ ಇಲ್ಲಿಲ್ಲ. ಅರ್ಜಿಗೆ ಮಾಹಿತಿ ಒದಗಿಸುವವರು ಎಂದಷ್ಟೇ ಅರ್ಥ. ವಿದ್ಯಾರ್ಥಿ ತನ್ನ ಅರ್ಜಿಯಿಂದ ಆಹ್ವಾನ ಕಳಿಸುತ್ತಾನೆ, ತಂದೆ ಅಥವಾ ತಾಯಿ ತಮ್ಮ ಖಾತೆಯಿಂದ ಒಳಬಂದು ತಮ್ಮ ಭಾಗವನ್ನು ತುಂಬಿ ಸಹಿ ಹಾಕುತ್ತಾರೆ. ತಂದೆತಾಯಿ ಇಬ್ಬರೂ ಸೇರಿ ಒಂದೇ ತೆರಿಗೆ ರಿಟರ್ನ್ ಸಲ್ಲಿಸಿದ್ದರೆ ಒಬ್ಬರು ಬಂದರೆ ಸಾಕು. ಬೇರೆ ಬೇರೆಯಾಗಿ ಸಲ್ಲಿಸಿದ್ದರೆ ಇಬ್ಬರೂ ಬೇಕು. ವಿಚ್ಛೇದನವಾಗಿದ್ದರೆ, ಕಳೆದ 12 ತಿಂಗಳಲ್ಲಿ ಮಗುವಿಗೆ ಹೆಚ್ಚು ಹಣ ಖರ್ಚು ಮಾಡಿದವರು ವಿವರ ಕೊಡಬೇಕು. ಮಗು ಯಾರ ಜೊತೆ ಹೆಚ್ಚು ದಿನ ಇತ್ತು ಎಂಬ ಹಳೆಯ ಅಳತೆ 2024–25ರಿಂದ ಹೋಗಿದೆ. ವಿವರ ಕೊಡುವವರು ಮರುಮದುವೆಯಾಗಿದ್ದರೆ ಹೊಸ ಸಂಗಾತಿಯ ವಿವರವೂ ಸೇರುತ್ತದೆ.

ಈಗ ಬರುವುದು ಇಡೀ ಅರ್ಜಿಯಲ್ಲಿ ಅತಿ ಮುಖ್ಯವಾದ ಒತ್ತುಗುಂಡಿ. ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಆದಾಯದ ವಿವರವನ್ನು ನೇರವಾಗಿ ತರಿಸಿಕೊಳ್ಳಲು ವಿದ್ಯಾರ್ಥಿಯೂ ಪ್ರತಿಯೊಬ್ಬ ಕಾಂಟ್ರಿಬ್ಯೂಟರೂ ಒಪ್ಪಿಗೆ ಕೊಡಲೇಬೇಕು. ಆ ವರ್ಷ ಅಮೆರಿಕದಲ್ಲಿ ತೆರಿಗೆ ಸಲ್ಲಿಸದವರೂ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೇ ಇಲ್ಲದವರೂ ಕೊಡಬೇಕು. ಒಬ್ಬರು ನಿರಾಕರಿಸಿದರೂ ವಿದ್ಯಾರ್ಥಿಗೆ ಗ್ರಾಂಟೂ ಇಲ್ಲ, ಫೆಡರಲ್ ಸಾಲವೂ ಇಲ್ಲ. ಒಪ್ಪಿಗೆ ಎಂಬ ಮಾತು ಕಂಡ ಕೂಡಲೇ ‘ಬೇಡ’ ಎಂದು ಒತ್ತುವುದು ಎಚ್ಚರಿಕೆಯ ಸ್ವಭಾವದವರ ರೂಢಿ. ಜಾಲತಾಣಗಳಲ್ಲಿ ಆ ರೂಢಿ ಸಾಮಾನ್ಯವಾಗಿ ಒಳ್ಳೆಯದೇ, ಇಲ್ಲಿ ಮಾತ್ರ ಅದರಿಂದ ಮಗುವಿಗೆ ನಷ್ಟ. ಹಾಗಾಗಿ ಆ ಪುಟ ಬರುವ ಮೊದಲೇ ತಂದೆತಾಯಿಗೆ ಇದನ್ನು ವಿವರಿಸಿ ಹೇಳಿ.

ತರಿಸಿಕೊಳ್ಳುವುದು ಎರಡು ವರ್ಷ ಹಿಂದಿನ ಆದಾಯವನ್ನು. 2026–27ರ ಅರ್ಜಿಗೆ 2024ರ ತೆರಿಗೆ, 2027–28ರ ಅರ್ಜಿಗೆ 2025ರ ತೆರಿಗೆ. ಆಮೇಲೆ ಕೆಲಸ ಹೋಗಿದ್ದರೂ ಅರ್ಜಿಯಲ್ಲಿ ಹಳೆಯ ಆದಾಯವೇ ಬರುತ್ತದೆ. ಅದನ್ನು ಸರಿಪಡಿಸುವ ದಾರಿಯನ್ನು ಮುಂದೆ ಹೇಳುತ್ತೇನೆ.

ಮೂರನೆಯ ಹೆಜ್ಜೆ: ಆಸ್ತಿಯ ಪುಟ

ಕಡಿಮೆ ಆದಾಯದ ಹಲವು ಕುಟುಂಬಗಳಿಗೆ ಆಸ್ತಿಯ ಪ್ರಶ್ನೆಗಳೇ ಬರುವುದಿಲ್ಲ. ಬಂದವರು ಇಲ್ಲಿ ಆತುರಪಡಬಾರದು. ತಪ್ಪುಗಳು ಎರಡೂ ದಿಕ್ಕಿನಲ್ಲಿ ಆಗುತ್ತವೆ: ಕೆಲವರು ಬರೆಯಬಾರದ್ದನ್ನು ಬರೆದು ನೆರವು ಕಳೆದುಕೊಳ್ಳುತ್ತಾರೆ, ಕೆಲವರು ಬರೆಯಬೇಕಾದ್ದನ್ನು ಬಿಟ್ಟು ತೊಂದರೆಗೆ ಸಿಲುಕುತ್ತಾರೆ. ಕುಟುಂಬ ವಾಸಿಸುವ ಮನೆಯ ಬೆಲೆಯನ್ನು ಫಾಫ್ಸಾ ಕೇಳುವುದಿಲ್ಲ. 401ಕೆ, ಐಆರ್‌ಎ ಮುಂತಾದ ನಿವೃತ್ತಿ ಖಾತೆಗಳಲ್ಲಿ ಇರುವ ಹಣವನ್ನೂ ಕೇಳುವುದಿಲ್ಲ. ‘ಹೂಡಿಕೆ’ ಎಂಬ ಚೌಕದಲ್ಲಿ ನಿವೃತ್ತಿ ಹಣವನ್ನೂ ಕೂಡಿಸಿ ಬರೆಯುವುದು ಪ್ರಾಮಾಣಿಕರು ಮಾಡುವ ದುಬಾರಿ ತಪ್ಪು. ಉಳಿತಾಯ ಖಾತೆಯ ಹಣ, ಷೇರು, ವಾಸದ ಮನೆಯನ್ನು ಬಿಟ್ಟು ಬೇರೆ ಮನೆ ಮತ್ತು ನಿವೇಶನಗಳನ್ನು ಬರೆಯಬೇಕು. ಅವು ಬೇರೆ ದೇಶದಲ್ಲಿದ್ದರೂ ಬರೆಯಬೇಕು. ಊರಿನಲ್ಲಿ ಬಾಡಿಗೆಗೆ ಕೊಟ್ಟ ಮನೆ, ಕೊಂಡಿಟ್ಟ ಸೈಟು ಇವುಗಳಲ್ಲಿ ತಂದೆತಾಯಿಯ ಹೆಸರಿನಲ್ಲಿರುವ ಪಾಲನ್ನು ಲೆಕ್ಕಹಾಕಿ, ಅದರ ಮೇಲಿನ ಸಾಲವನ್ನು ಕಳೆದು, ಅಂದಿನ ದರದಲ್ಲಿ ಡಾಲರಿಗೆ ಪರಿವರ್ತಿಸಬೇಕು. ಎಲ್ಲ ಮೊತ್ತಗಳೂ ಅರ್ಜಿಗೆ ಸಹಿ ಹಾಕುವ ದಿನ ಇದ್ದಂತೆ ಇರಬೇಕು.

ಸ್ವಂತ ವ್ಯಾಪಾರ ಮತ್ತು ಕೃಷಿಭೂಮಿಯ ವಿಷಯದಲ್ಲಿ ನಿಯಮ ಎರಡು ಸಲ ಬದಲಾಗಿದೆ. 2024–25ರಲ್ಲಿ ಇವೂ ಲೆಕ್ಕಕ್ಕೆ ಸೇರಿದ್ದವು. 2025ರ ಜುಲೈನಲ್ಲಿ ಆದ ಕಾನೂನಿನಿಂದಾಗಿ 2026–27ರ ಅರ್ಜಿಯಿಂದ, ಕುಟುಂಬ ವಾಸಿಸುವ ಹೊಲವೂ 100ಕ್ಕಿಂತ ಹೆಚ್ಚು ಪೂರ್ಣಕಾಲಿಕ ನೌಕರರಿಲ್ಲದ ಕುಟುಂಬದ ಸಣ್ಣ ವ್ಯಾಪಾರವೂ ಮತ್ತೆ ಹೊರಗುಳಿದಿವೆ. ಹಳೆಯ ಲೇಖನಗಳನ್ನು ಓದಿ ತುಂಬುವವರು ಇದನ್ನು ಗಮನಿಸಬೇಕು.

ಹಣ ಯಾರ ಹೆಸರಿನಲ್ಲಿದೆ ಎಂಬುದಕ್ಕೂ ಬೆಲೆಯುಂಟು. ವಿದ್ಯಾರ್ಥಿಯ ಹೆಸರಿನಲ್ಲಿರುವ ಉಳಿತಾಯದಲ್ಲಿ ಶೇಕಡ 20ರಷ್ಟು ಕಾಲೇಜಿಗೆ ಲಭ್ಯವೆಂದು ಸೂತ್ರ ಹಿಡಿಯುತ್ತದೆ, ತಂದೆತಾಯಿಯ ಆಸ್ತಿಯಲ್ಲಿ ಹಿಡಿಯುವುದು ಹೆಚ್ಚೆಂದರೆ ಶೇಕಡ 5.64. ಅವಲಂಬಿತ ವಿದ್ಯಾರ್ಥಿಯ 529 ಕಾಲೇಜು ಉಳಿತಾಯ ಖಾತೆಯನ್ನು ತಂದೆತಾಯಿಯ ಲೆಕ್ಕಕ್ಕೇ ಹಿಡಿಯುತ್ತಾರೆ. ಅಜ್ಜ ಅಜ್ಜಿ ತಮ್ಮ ಹೆಸರಿನಲ್ಲಿಟ್ಟ 529 ಖಾತೆಯಿಂದ ಕೊಡುವ ಹಣವನ್ನು ಹೊಸ ಅರ್ಜಿ ಕೇಳುವುದೇ ಇಲ್ಲ.

ಇವೆಲ್ಲವನ್ನೂ ಕೂಡಿಸಿ ಕಳೆದು ಬರುವ ಸಂಖ್ಯೆಗೆ ಸ್ಟೂಡೆಂಟ್ ಏಯ್ಡ್ ಇಂಡೆಕ್ಸ್ ಎಂದು ಹೆಸರು. ಇದು −1,500ರವರೆಗೂ ಇಳಿಯಬಹುದು. ಸಂಖ್ಯೆ ಕಡಿಮೆಯಾದಷ್ಟೂ ಅಗತ್ಯ ಹೆಚ್ಚೆಂದು ಅರ್ಥ. ಇಷ್ಟೇ ಹಣ ಕಟ್ಟಬೇಕೆಂದು ಇದು ಹೇಳುವುದಿಲ್ಲ, ನೆರವು ಹಂಚಲು ಕಾಲೇಜುಗಳು ಬಳಸುವ ಅಳತೆಗೋಲು ಇದು. ಅರ್ಜಿ ಹಾಕುವ ಮೊದಲೇ ಒಂದು ಅಂದಾಜು ಬೇಕಿದ್ದರೆ ಅದೇ ಸರ್ಕಾರಿ ತಾಣದಲ್ಲಿ ನೆರವಿನ ಅಂದಾಜು ಹಾಕುವ ಸಾಧನವಿದೆ. ಫೆಡರಲ್ ನೆರವು ಹಂಚುವ ಪ್ರತಿ ಕಾಲೇಜೂ ತನ್ನ ತಾಣದಲ್ಲಿ ನಿವ್ವಳ ವೆಚ್ಚದ ಲೆಕ್ಕಯಂತ್ರವನ್ನು ಇಡಬೇಕೆಂಬುದು 2011ರಿಂದ ಕಡ್ಡಾಯ. ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್ ಎಂಬ ತಾಣದಲ್ಲಿ ಆದಾಯದ ಮಟ್ಟಕ್ಕೆ ಅನುಗುಣವಾಗಿ ವಿದ್ಯಾರ್ಥಿಗಳು ಕಟ್ಟುವ ಸರಾಸರಿ ವೆಚ್ಚವನ್ನೂ ಓದು ಮುಗಿಸಿದವರ ಪ್ರಮಾಣವನ್ನೂ ನೋಡಬಹುದು. ಕಾಲೇಜುಗಳ ಪಟ್ಟಿ ಮಾಡುವ ಬೇಸಿಗೆಯಲ್ಲೇ ಇವನ್ನು ನೋಡಿದರೆ ಮುಂದಿನ ಎಷ್ಟೋ ನಿರಾಶೆ ತಪ್ಪುತ್ತದೆ.

ದಿನಾಂಕಗಳು

ಅರ್ಜಿ ತೆರೆಯುವ ದಿನದ ವಿಷಯದಲ್ಲಿ ಕುಟುಂಬಗಳು ಬಹಳ ಕಷ್ಟಪಟ್ಟಿವೆ. ಹೊಸ ರೂಪದ ಮೊದಲ ಅರ್ಜಿ 2023ರ ಡಿಸೆಂಬರ್ 30ರಂದು, ಅಂದರೆ ಮೂರು ತಿಂಗಳು ತಡವಾಗಿ ತೆರೆಯಿತು. ಮರುವರ್ಷ ಎಲ್ಲರಿಗೂ ಪೂರ್ಣವಾಗಿ ತೆರೆದಾಗ ನವೆಂಬರ್ 21 ಆಗಿತ್ತು. ಆ ಬಳಿಕ 2024ರ ಡಿಸೆಂಬರಿನಲ್ಲಿ ಆದ ಕಾನೂನಿನ ಪ್ರಕಾರ ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಅರ್ಜಿ ತೆರೆಯಲೇಬೇಕು.

ಫೆಡರಲ್ ಗಡುವು ಬಹಳ ದೂರದಲ್ಲಿದೆ. 2026–27ರ ಅರ್ಜಿಗೆ ಅದು 2027ರ ಜೂನ್ 30. ಈ ದಿನಾಂಕವನ್ನು ನೋಡಿ ನೆಮ್ಮದಿಯಿಂದ ಇರುವುದು ದೊಡ್ಡ ಮೋಸ. ಹಣ ನಿರ್ಧಾರವಾಗುವುದು ರಾಜ್ಯದ ಮತ್ತು ಕಾಲೇಜಿನ ಗಡುವುಗಳ ಮೇಲೆ. ಕ್ಯಾಲಿಫೋರ್ನಿಯಾದ ಕ್ಯಾಲ್ ಗ್ರಾಂಟ್‌ಗೆ ರೂಢಿಯಲ್ಲಿರುವ ದಿನ ಮಾರ್ಚ್ 2. ಕೆಲವು ರಾಜ್ಯಗಳಲ್ಲಿ ಗಡುವೇ ಇಲ್ಲ, ಹಣ ಇರುವವರೆಗೆ ಮಾತ್ರ ಕೊಡುತ್ತಾರೆ. ಕಾಲೇಜುಗಳ ‘ಆದ್ಯತೆಯ ಗಡುವು’ ಚಳಿಗಾಲದಲ್ಲಿಯೇ ಮುಗಿಯಬಹುದು, ಅರ್ಲಿ ಡಿಸಿಷನ್ (ಸಿಕ್ಕರೆ ಅಲ್ಲಿಯೇ ಸೇರುತ್ತೇನೆಂದು ಒಪ್ಪಿ ಬೇಗನೆ ಹಾಕುವ ಪ್ರವೇಶದ ಅರ್ಜಿ) ಹಾಕಿದವರಿಗೆ ನವೆಂಬರಿನಲ್ಲೇ ಮುಗಿಯಬಹುದು. ಹೀಗಾಗಿ ವಿದ್ಯಾರ್ಥಿ ಒಂದು ಹಾಳೆಯಲ್ಲಿ ಪ್ರತಿ ಕಾಲೇಜಿನ ಹೆಸರು, ಅದರ ನೆರವಿನ ಗಡುವು, ಅದು ಕೇಳುವ ಅರ್ಜಿಗಳು ಇಷ್ಟನ್ನು ಕೈಯಾರೆ ಬರೆದು, ದಿನವೂ ಕಣ್ಣಿಗೆ ಬೀಳುವ ಕಡೆ ಅಂಟಿಸಬೇಕು. ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡಲು ನಿಮಗೆ ಸಮಯವಿದ್ದರೆ ಇದನ್ನು ಮಾಡಿಸಿ. ಫಾಫ್ಸಾದಲ್ಲಿ 20 ಕಾಲೇಜುಗಳವರೆಗೆ ಸೇರಿಸಬಹುದು. ಪ್ರವೇಶ ಸಿಗುವ ಮೊದಲೇ, ಇನ್ನೂ ಪ್ರವೇಶಕ್ಕೆ ಅರ್ಜಿ ಹಾಕುವ ಮೊದಲೇ ಕೂಡ ಸೇರಿಸಬಹುದು.

ಕೆಲವು ಕಾಲೇಜುಗಳು, ಅದರಲ್ಲೂ ಹೆಚ್ಚಾಗಿ ಖಾಸಗಿಯವು, ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿಯನ್ನೂ ಕೇಳುತ್ತವೆ. ಕಾಲೇಜ್ ಬೋರ್ಡ್ ನಡೆಸುವ ಇದು ಫಾಫ್ಸಾಗಿಂತ ಉದ್ದ, ಆಳ. ವಾಸದ ಮನೆಯ ಬೆಲೆಯನ್ನೂ, ವಿಚ್ಛೇದಿತರಾದ ಇನ್ನೊಬ್ಬ ಪೋಷಕರ ವಿವರವನ್ನೂ ಇಲ್ಲಿ ಕೇಳಬಹುದು. ಇದಕ್ಕೆ ಮೊದಲ ಕಾಲೇಜಿಗೆ 25 ಡಾಲರ್, ನಂತರದ ಪ್ರತಿಯೊಂದಕ್ಕೂ 16 ಡಾಲರ್ ಶುಲ್ಕವಿದೆ. ಕುಟುಂಬದ ಆದಾಯ 1,00,000 ಡಾಲರ್ ಅಥವಾ ಅದಕ್ಕಿಂತ ಕಡಿಮೆಯಿರುವ ಅಮೆರಿಕದ ಪದವಿ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲ.

ಸಹಾಯ ಸಿಗುವ ಕಡೆಗಳು

ಫಾಫ್ಸಾದ ಹೆಸರಿನಲ್ಲಿ ಮೊದಲ ಅಕ್ಷರ ಸೂಚಿಸುವ ಪದವೇ ‘ಉಚಿತ’ ಎಂಬುದು. ಇದನ್ನು ತುಂಬಿಕೊಡಲು ಹಣ ಕೇಳುವ ಯಾರಿಗೂ ಒಂದು ಡಾಲರನ್ನೂ ಕೊಡಬೇಕಿಲ್ಲ, ಏಕೆಂದರೆ ಹಣ ಪಡೆಯದೆ, ಅವರಿಗಿಂತ ಚೆನ್ನಾಗಿ ಸಹಾಯ ಮಾಡುವವರು ಪ್ರತಿ ಊರಿನಲ್ಲಿ ಇದ್ದಾರೆ. ಮೊದಲನೆಯವರು ಶಾಲೆಯ ಕೌನ್ಸೆಲರ್. ಅವರ ಬಳಿ ನೂರಾರು ಮಕ್ಕಳಿರುವುದರಿಂದ ಅವರೇ ಕರೆಯಲಿ ಎಂದು ಕಾಯಬಾರದು, ಸೆಪ್ಟೆಂಬರಿನಲ್ಲೇ ಸಮಯ ಕೇಳಬೇಕು. ಎರಡನೆಯವರು ಕಾಲೇಜಿನ ನೆರವಿನ ಕಚೇರಿಯವರು. ಪ್ರವೇಶ ಸಿಗದಿದ್ದರೂ ಅವರಿಗೆ ಫೋನ್ ಮಾಡಿ ಪ್ರಶ್ನೆ ಕೇಳಬಹುದು. ಸಮೀಪದ ಕಮ್ಯುನಿಟಿ ಕಾಲೇಜಿನ ಕಚೇರಿಯಲ್ಲಿ ಇಂಥ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಹೇಳುವವರು ಹೆಚ್ಚಾಗಿ ಸಿಗುತ್ತಾರೆ ಎಂಬುದು ನನ್ನ ಅನುಭವ. ಅರ್ಜಿಯಲ್ಲಿ ತಾಂತ್ರಿಕ ತೊಡಕು ಬಂದರೆ ಫೆಡರಲ್ ಸ್ಟೂಡೆಂಟ್ ಏಯ್ಡ್ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1-800-433-3243.

1989ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಆರಂಭವಾದ ‘ಕಾಲೇಜ್ ಗೋಲ್ ಸಂಡೆ’ ಎಂಬ ಕಾರ್ಯಕ್ರಮವನ್ನು ಹೋಲುವ ಶಿಬಿರಗಳು ಈಗ ಹಲವು ರಾಜ್ಯಗಳಲ್ಲಿ ಬೇರೆ ಬೇರೆ ಹೆಸರುಗಳಲ್ಲಿ ನಡೆಯುತ್ತವೆ. ನೆರವಿನ ಕಚೇರಿಗಳಲ್ಲಿ ಕೆಲಸ ಮಾಡುವವರೇ ಶಾಲೆಗೋ ಗ್ರಂಥಾಲಯಕ್ಕೋ ಬಂದು ಕುಟುಂಬಗಳ ಜೊತೆ ಕುಳಿತು ಅರ್ಜಿ ಮುಗಿಸಿಕೊಡುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿಗೆ ಹೋಗುತ್ತಿರುವ ಮತ್ತು ಕಡಿಮೆ ಆದಾಯದ ಮನೆಗಳ ಮಕ್ಕಳಿಗೆ ಫೆಡರಲ್ ಹಣದಿಂದ ನಡೆಯುವ ಅಪ್‌ವರ್ಡ್ ಬೌಂಡ್, ಟ್ಯಾಲೆಂಟ್ ಸರ್ಚ್, ಗಿಯರ್ ಅಪ್ ಯೋಜನೆಗಳಿವೆ. ನಿಮ್ಮ ಶಾಲೆಯಲ್ಲಿ ಇವು ಇವೆಯೇ ಎಂದು ಕೌನ್ಸೆಲರನ್ನು ಕೇಳಿ. ನೀವೇ ಸ್ವಯಂಸೇವಕರಾಗಿ ಹಲವು ಮಕ್ಕಳಿಗೆ ಸಹಾಯ ಮಾಡುವವರಾದರೆ, ನ್ಯಾಷನಲ್ ಕಾಲೇಜ್ ಅಟೈನ್‌ಮೆಂಟ್ ನೆಟ್‌ವರ್ಕ್ ಸಂಸ್ಥೆಯ ಸಾಮಗ್ರಿ ಬಹಳ ಉಪಯೋಗಕ್ಕೆ ಬರುತ್ತದೆ. ಯಾವ ರಾಜ್ಯದಲ್ಲಿ ಎಷ್ಟು ಮಕ್ಕಳು ಅರ್ಜಿ ಮುಗಿಸಿದ್ದಾರೆಂಬ ಲೆಕ್ಕವನ್ನೂ ಅವರು ಪ್ರಕಟಿಸುತ್ತಾರೆ.

ಹೊರಗಿನ ಸ್ಕಾಲರ್‌ಶಿಪ್ ಹುಡುಕಲು ಕಾರ್ಮಿಕ ಇಲಾಖೆಯ ಆಶ್ರಯದ ಕೆರಿಯರ್‌ಒನ್‌ಸ್ಟಾಪ್ ತಾಣದಲ್ಲಿ ಉಚಿತ ಹುಡುಕಾಟವಿದೆ. ಸ್ಕಾಲರ್‌ಶಿಪ್ ಖಚಿತ, ಮೊದಲು ಶುಲ್ಕ ಕಟ್ಟಿ ಎನ್ನುವವರು ಮೋಸಗಾರರೆಂದೇ ತಿಳಿಯಿರಿ. ಸಿಕ್ಕ ಸ್ಕಾಲರ್‌ಶಿಪ್ಪನ್ನು ಕಾಲೇಜಿಗೆ ತಿಳಿಸಬೇಕು. ಕೆಲವು ಕಾಲೇಜುಗಳು ಆಗ ತಮ್ಮ ಗ್ರಾಂಟನ್ನೇ ಕಡಿಮೆ ಮಾಡುವುದುಂಟು, ಕೆಲವು ಮೊದಲು ಸಾಲವನ್ನು ಕಡಿಮೆ ಮಾಡುತ್ತವೆ. ಯಾವುದನ್ನು ಮಾಡುತ್ತೀರಿ ಎಂದು ಮುಂಚೆಯೇ ಕೇಳಿಡುವುದು ಲೇಸು.

ಸಲ್ಲಿಸಿದ ಮೇಲೆ

ಆನ್‌ಲೈನಿನಲ್ಲಿ ಸಲ್ಲಿಸಿದ ಅರ್ಜಿ ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಸಂಸ್ಕರಣೆಯಾಗಿ, ಫಾಫ್ಸಾ ಸಬ್‌ಮಿಷನ್ ಸಮ್ಮರಿ ಎಂಬ ವರದಿ ಬರುತ್ತದೆ. ವಿದ್ಯಾರ್ಥಿ ಅದನ್ನು ತೆರೆದು ಅರ್ಜಿ ಪೂರ್ಣವಾಗಿದೆಯೇ, ಯಾರದಾದರೂ ಸಹಿ ಅಥವಾ ಒಪ್ಪಿಗೆ ಬಾಕಿಯಿದೆಯೇ ಎಂದು ನೋಡಬೇಕು. ಸಲ್ಲಿಸಿದೆ ಎಂದುಕೊಂಡು ತಿಂಗಳುಗಟ್ಟಲೆ ಕಾದು, ಕೊನೆಗೆ ತಾಯಿಯ ಸಹಿ ಬಿದ್ದಿರಲಿಲ್ಲವೆಂದು ತಿಳಿದುಕೊಂಡ ಮಕ್ಕಳನ್ನು ಕಂಡಿದ್ದೇನೆ. ‘ವೆರಿಫಿಕೇಷನ್’ಗೆ ಆಯ್ಕೆಯಾಗಿದ್ದೀರಿ ಎಂಬ ಸಂದೇಶ ಬಂದರೆ ಗಾಬರಿಯಾಗಬೇಡಿ. ಯಾರೋ ದೂರು ಕೊಟ್ಟಿದ್ದಾರೆಂದು ಇದರ ಅರ್ಥವಲ್ಲ, ಕಾಲೇಜು ಕೇಳಿದ ದಾಖಲೆಗಳನ್ನು ಕೊಟ್ಟರೆ ಮುಗಿಯಿತು. ಆದರೆ ಕೊಡುವವರೆಗೆ ಹಣ ಬಿಡುಗಡೆಯಾಗುವುದಿಲ್ಲ.

ಎರಡು ವರ್ಷ ಹಿಂದಿನ ಆದಾಯಕ್ಕೂ ಇಂದಿನ ಪರಿಸ್ಥಿತಿಗೂ ಅಜಗಜಾಂತರವಿದ್ದರೆ, ಉದ್ಯೋಗ ಹೋಗಿದ್ದರೆ, ದೊಡ್ಡ ವೈದ್ಯಕೀಯ ಖರ್ಚು ಬಂದಿದ್ದರೆ, ಪೋಷಕರೊಬ್ಬರು ತೀರಿಕೊಂಡಿದ್ದರೆ, ಅದನ್ನು ಕಾಲೇಜಿನ ನೆರವಿನ ಕಚೇರಿಗೆ ಬರೆಯಬೇಕು. ಪ್ರತಿಯೊಂದು ಪ್ರಕರಣವನ್ನೂ ನೋಡಿ ಅಂಕಿಗಳನ್ನು ಬದಲಿಸುವ ಅಧಿಕಾರವನ್ನು ಕಾನೂನು ಆ ಕಚೇರಿಯವರಿಗೇ ಕೊಟ್ಟಿದೆ. ಅವರ ತೀರ್ಮಾನದ ಮೇಲೆ ಫೆಡರಲ್ ಇಲಾಖೆಗೆ ಮೇಲ್ಮನವಿ ಇಲ್ಲ. ಆದ್ದರಿಂದ ಪತ್ರ ಒಂದೇ ಪುಟವಿರಲಿ, ಏನಾಯಿತು, ಯಾವ ದಿನ ಆಯಿತು, ಆದಾಯ ಎಷ್ಟಿದ್ದದ್ದು ಎಷ್ಟಾಯಿತು ಎಂಬುದು ಸ್ಪಷ್ಟವಾಗಿರಲಿ, ಕೆಲಸದಿಂದ ತೆಗೆದ ಪತ್ರ ಅಥವಾ ಆಸ್ಪತ್ರೆಯ ಬಿಲ್ಲು ಜೊತೆಗಿರಲಿ. ಪ್ರತಿ ಕಾಲೇಜಿಗೂ ಬೇರೆಬೇರೆಯಾಗಿ ಕಳಿಸಬೇಕು.

ನೆರವಿನ ಪತ್ರವನ್ನು ಓದುವುದು

ಮಾರ್ಚ್‌ನಿಂದ ಏಪ್ರಿಲಿನ ಹೊತ್ತಿಗೆ ಕಾಲೇಜುಗಳ ಪತ್ರಗಳು ಬರುತ್ತವೆ. ಒಂದೊಂದು ಕಾಲೇಜಿನ ಪತ್ರ ಒಂದೊಂದು ರೂಪದಲ್ಲಿರುತ್ತದೆ, ಗ್ರಾಂಟನ್ನೂ ಸಾಲವನ್ನೂ ಒಂದೇ ಪಟ್ಟಿಯಲ್ಲಿ ‘ನೆರವು’ ಎಂದು ಬರೆದಿರುವುದುಂಟು. ಒಂದು ಉದಾಹರಣೆ ನೋಡೋಣ. ಮೊದಲ ಕಾಲೇಜಿನ ಒಟ್ಟು ವಾರ್ಷಿಕ ವೆಚ್ಚ 64,000 ಡಾಲರ್. ಪತ್ರದಲ್ಲಿ ಗ್ರಾಂಟ್ 36,000, ಸಬ್ಸಿಡಿ ಸಾಲ 3,500, ಸಬ್ಸಿಡಿ ಇಲ್ಲದ ಸಾಲ 2,000, ವರ್ಕ್-ಸ್ಟಡಿ 2,500, ತಂದೆತಾಯಿಯ ಹೆಸರಿನಲ್ಲಿ ಪಡೆಯುವ ಪೇರೆಂಟ್ ಪ್ಲಸ್ ಸಾಲ 20,000 ಎಂದು ಬರೆದು, ಕೆಳಗೆ ಬಾಕಿ ಸೊನ್ನೆ ಎಂದು ತೋರಿಸಿದ್ದಾರೆ. ಎರಡನೆಯ ಕಾಲೇಜಿನ ವೆಚ್ಚ 31,000, ಗ್ರಾಂಟ್ ಬರೀ 8,000. ಮೊದಲ ಪತ್ರವನ್ನು ನೋಡಿದ ಮನೆಯವರಿಗೆ ಅದೇ ಉದಾರವಾಗಿ ಕಾಣುವುದು ಸಹಜ. ಹಾಳೆಯೊಂದರ ಮೇಲೆ ವೆಚ್ಚದಿಂದ ಗ್ರಾಂಟ್ ಮತ್ತು ಸ್ಕಾಲರ್‌ಶಿಪ್ಪನ್ನು ಮಾತ್ರ ಕಳೆದು ನೋಡಿ: ಮೊದಲ ಕಾಲೇಜಿಗೆ ಕುಟುಂಬ ಹೊರಬೇಕಾದದ್ದು 28,000, ಎರಡನೆಯದಕ್ಕೆ 23,000. ಇದೇ ಲೆಕ್ಕ ನಾಲ್ಕು ವರ್ಷವೂ ಮುಂದುವರಿದರೆ ವ್ಯತ್ಯಾಸ 20,000 ಡಾಲರ್. ಪ್ರತಿ ಪತ್ರದ ಮೇಲೂ ವಿದ್ಯಾರ್ಥಿಯ ಕೈಯಿಂದಲೇ ಈ ಒಂದು ಕಳೆಯುವ ಲೆಕ್ಕ ಮಾಡಿಸಿ. ಆ ಗ್ರಾಂಟ್ ಮುಂದಿನ ವರ್ಷಗಳಿಗೂ ಇದೆಯೇ, ಉಳಿಸಿಕೊಳ್ಳಲು ಎಷ್ಟು ಅಂಕ ಬೇಕು ಎಂಬುದನ್ನು ಕಾಲೇಜಿಗೆ ಕೇಳಿಸಿ. ವರ್ಕ್-ಸ್ಟಡಿಯ ಹಣ ಕೆಲಸ ಮಾಡಿದ ಮೇಲೆ ಸಂಬಳವಾಗಿ ಬರುವುದರಿಂದ ಆಗಸ್ಟಿನ ಶುಲ್ಕ ಕಟ್ಟಲು ಒದಗುವುದಿಲ್ಲ.

ಸಾಲ ತೆಗೆದುಕೊಳ್ಳಲೇಬೇಕಾದರೆ ಮೊದಲು ವಿದ್ಯಾರ್ಥಿಯ ಹೆಸರಿನ ಫೆಡರಲ್ ಸಾಲ. ಅವಲಂಬಿತ ವಿದ್ಯಾರ್ಥಿಗೆ ಮೊದಲ ವರ್ಷ 5,500, ಎರಡನೆಯ ವರ್ಷ 6,500, ಆಮೇಲೆ ವರ್ಷಕ್ಕೆ 7,500, ಒಟ್ಟು 31,000 ಡಾಲರ್ ಇದರ ಮಿತಿ. ಸಬ್ಸಿಡಿ ಇರುವ ಭಾಗಕ್ಕೆ ಓದುವಾಗಿನ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ, ಇಲ್ಲದ ಭಾಗಕ್ಕೆ ಹಣ ಕೈಗೆ ಬಂದ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ತಂದೆತಾಯಿ ಪಡೆಯುವ ಪೇರೆಂಟ್ ಪ್ಲಸ್ ಸಾಲಕ್ಕೆ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಮಗುವೊಂದಕ್ಕೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಎಂಬ ಮಿತಿ ಬಂದಿದೆ. ಪತ್ರದಲ್ಲಿ ಬರೆದಷ್ಟು ಸಾಲವನ್ನೂ ಪಡೆಯಲೇಬೇಕೆಂದಿಲ್ಲ, ಬೇಕಾದಷ್ಟನ್ನು ಮಾತ್ರ ಒಪ್ಪಿಕೊಳ್ಳಬಹುದು.

ಈ ಅರ್ಜಿ ಒಂದು ವರ್ಷಕ್ಕೆ ಮಾತ್ರ. ಮಗು ಕಾಲೇಜಿಗೆ ಸೇರಿದ ಮೇಲಿನ ಮೊದಲ ಅಕ್ಟೋಬರಿನಲ್ಲಿ ಮತ್ತೆ ಹಾಕಬೇಕು. ಹಾಸ್ಟೆಲಿನಲ್ಲಿರುವ ಮಗುವಿಗೆ ಯಾರೂ ನೆನಪಿಸದೆ ಇರುವುದರಿಂದ ಎರಡನೆಯ ವರ್ಷದ ಅರ್ಜಿ ತಪ್ಪಿಹೋಗುವುದು ಬಹಳ. ಖಾತೆಗಳು ಅವೇ, ಕಾರ್ಡೂ ಅದೇ, ಹಳೆಯ ಉತ್ತರಗಳಲ್ಲಿ ಕೆಲವು ಮುಂದಕ್ಕೆ ಬರುತ್ತವೆ, ಒಪ್ಪಿಗೆಯನ್ನು ಮಾತ್ರ ಎಲ್ಲರೂ ಹೊಸದಾಗಿ ಕೊಡಬೇಕು. ಅಷ್ಟು ಹೊತ್ತಿಗೆ ಕೀಬೋರ್ಡಿನ ಮುಂದೆ ಒಂದು ಸಲ ಕುಳಿತಿದ್ದ ವಿದ್ಯಾರ್ಥಿಗೆ ಪಕ್ಕದಲ್ಲಿ ಯಾರೂ ಬೇಕಾಗುವುದಿಲ್ಲ. ಸೆಪ್ಟೆಂಬರಿನ ಕೊನೆಯ ವಾರ ಒಂದು ಫೋನ್ ಮಾಡಿ ನೆನಪಿಸಿದರೆ ಸಾಕು.